ನಿಂತೇ ಕುಡಿದ ಚಹಾ

ಈ ಬೈಕು ಮಾಡಿದವರು ತಿರುವುಗಳ ಕನಸಿನಲ್ಲಿದ್ದರು;
ನಲ್ಲರ್ಬೋರ್ ಬಯಲಲ್ಲಿ ತಿರುವೇ ಇಲ್ಲ.
ನೂರಾ ನಲವತ್ತಾರು ಕಿಲೋಮೀಟರು,
ಎಳೆದು ಕಟ್ಟಿದ ದಾರ.
ಟ್ಯಾಂಕಿಗೆ ಎದೆಯೊರಗಿಸಿ ಸ್ಟಾವ್ರುಲಾ
ಯಾರಿಗೋ ಅಡ್ಡಬಿದ್ದು ಏಳುವುದನ್ನೇ ಮರೆತವಳಂತೆ.

ಸೀಟಿನ ಮೇಲೆ ಕುರಿಯ ತೊಗಲು:
ಬದುಕಿದ್ದಾಗ ಆ ಕುರಿ ಇಷ್ಟು ದೂರ ಬಂದಿರಲಾರದು.
ಅಂಗೈ ಜುಮ್ಮೆಂದರೆ ಎಡಗೈ ತೊಡೆಗೆ,
ಮಂಡಿ ಹಿಡಿದುಕೊಂಡರೆ ಒಂದು ಕಾಲು ಗಾಳಿಗೆ.
ಎದುರು ಬಂದ ಲಾರಿಯವನು
ಅದನ್ನೇ ನಮಸ್ಕಾರವೆಂದುಕೊಂಡು
ಉದ್ದಕ್ಕೆ ಹಾರ್ನ್ ಒತ್ತಿದ.

ಕೈಗೂನಾದ ಪೆಟ್ರೋಲ್ ಬಂಕು.
ಬೈಕು ಸ್ಟ್ಯಾಂಡಿಗೆ ವಾಲಿತು;
ಇಳಿದವಳ ಬೆನ್ನು ಇನ್ನೂ ಬೈಕಿನಲ್ಲೇ.
ಗಲ್ಲೆಯ ಹುಡುಗ ಕುರ್ಚಿ ಎಳೆದ.
‘ಬೇಡಪ್ಪಾ,
ಹೊತ್ತು ಹುಟ್ಟಿದಾಗಿನಿಂದ ಅದೇ ಕೆಲಸ.’

ನಿಂತೇ ಕುಡಿದಳು.
ಗುಟುಕು ಗುಟುಕಿಗೆ
ಬೆನ್ನಿನ ಮಣಿಗಳು ಒಂದೊಂದಾಗಿ
ತಮ್ಮ ತಮ್ಮ ಜಾಗ ಹುಡುಕಿ
ಕೂತವು.