ಒತ್ತು

ಈ ಕ್ಯಾಮೆರಾದ ಗುಂಡಿಯನ್ನು
ಆದಮೇಲೆ ಒತ್ತಬೇಕು.
ಸದಾ ನೋಡುತ್ತಿರುತ್ತದೆ, ಸದಾ ಮರೆಯುತ್ತಿರುತ್ತದೆ,
ಎರಡು ಸೆಕೆಂಡಿನಷ್ಟೇ ಅದರ ನೆನಪು.
ಒತ್ತಿದ ಕ್ಷಣ ಸೊನ್ನೆ,
ಹಿಂದಿನದೆಲ್ಲ ಮೈನಸ್ಸು.
ನಮಗೆ ಬೇಕಾದ ಅಕ್ಕಿಕಾಳು
ಮೈನಸ್ ಮೂರು ಸಾವಿರದ ನೂರಾ ಇಪ್ಪತ್ತೇಳರಲ್ಲಿ
ಮಂಡಕ್ಕಿಯಾಗುತ್ತದೆ.

ಸೆಕೆಂಡಿಗೆ ಎಂಟು ಸಾವಿರ ಚಿತ್ರ.
ಬಾಣಲೆಯಿಂದ ಚಿಮ್ಮಿದ ಮರಳಿನ ಹರಳೊಂದು
ಮತ್ತೆ ಬಾಣಲೆ ಮುಟ್ಟಲು ಪರದೆಯ ಮೇಲೆ ಎರಡು ನಿಮಿಷ;
ಅಷ್ಟರಲ್ಲಿ ನಾನು ಡಬ್ಬಿಯ ಎರಡನೇ ರೊಟ್ಟಿ ಮುರಿದಿರುತ್ತೇನೆ.

ಕೊಟ್ರೇಶನದು ಕಾಳು ಉಬ್ಬುವ ವೇಗದ ಮೇಲೆ ಪಿಎಚ್‌ಡಿ.
ಮೂರು ದಿನ ಭಟ್ಟಿಯಲ್ಲಿ ಬೆವರಿ,
ಬಾಡಿಗೆ ಕ್ಯಾಮೆರಾ ಹಿಂದಕ್ಕೆ ಕಳಿಸಿ,
ಇನ್ನೂರ ಹನ್ನೆರಡು ಫೈಲು ನನ್ನ ಲ್ಯಾಬಿಗೆ ಸುರಿದ.
ಯಾವ ದಿನ ಎಷ್ಟು ಉಪ್ಪು ಎಂದು ಬರೆದ ಪುಸ್ತಕ
ಆಟೋದಲ್ಲೇ ಹೋಯಿತಂತೆ.

ಯಾವ ಪ್ಲೇಯರಿಗೂ ಅವು ಬಾಯಿ ಬಿಡಲಿಲ್ಲ.
ಸಣ್ಣದೊಂದು ಪ್ರೋಗ್ರಾಂ ಬರೆದು
ಹಣೆಬರಹ ಮಾತ್ರ ಓದಿಸಿದೆ:
ಅಗಲ ಸಾವಿರದ ಇಪ್ಪತ್ತನಾಲ್ಕು, ಎತ್ತರ ಐನೂರ ಹನ್ನೆರಡು,
ಬೆಳಕು ಬಿದ್ದದ್ದು ನಲವತ್ತು ಮೈಕ್ರೋಸೆಕೆಂಡು,
ಹುಟ್ಟಿದ ಗಳಿಗೆ
೧೯೭೦, ಜನವರಿ ೧, ಬೆಳಗಿನ ಐದೂವರೆ.
ಎಲ್ಲಕ್ಕೂ ಅದೇ, ಚೂರುಪಾರು ಆಚೀಚೆ.
ಒಳಗಿನ ಬಿಲ್ಲೆ ಬ್ಯಾಟರಿ ಸತ್ತಾಗ
ಗಡಿಯಾರಗಳೆಲ್ಲ ಓಡಿಹೋಗಿ ಅಡಗುವ ಬೆಳಗು ಅದು.

ಲ್ಯಾಪ್‌ಟಾಪು ಬಗಲಲ್ಲಿಟ್ಟು
ದಾವಣಗೆರೆಯ ಬಿಸಿಲು ದಾಟಿ ಭಟ್ಟಿ ಸಾಲಿಗೆ ಹೋದೆ.
ಹೊಟ್ಟಿನ ಹೊಗೆ, ಮಸಿ ಹಿಡಿದ ತಗಡು.
ಜೈತುನ್‌ಬಿ ಜರಡಿ ಕೆಳಗಿಟ್ಟು ತಾರೀಖು ಓದಿಸಿಕೊಂಡರು.
"ಎಪ್ಪತ್ತನೇ ಇಸ್ವಿಯಾಗ ನಮ್ಮಮ್ಮಂಗೇ ಮದುವಿ ಆಗಿದ್ದಿಲ್ರಿ!
ಟೈಮು ಮಾತ್ರ ಖರೆ. ಒಲಿ ಹಚ್ಚೋದು ಐದೂವರಿಗೇ."

ಕಾಳಿನ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕು,
ಬಿರುಕಿಗೆ ಹಬೆ,
ಹಬೆಯ ಹಿಂದೆ ತಡಬಡಿಸಿ ಬರುವ ಬಿಳುಪು.
ನಾನು ಕಾಳು ತೋರಿಸುತ್ತಿದ್ದೆ,
ಅವರು ಮರಳು ನೋಡುತ್ತಿದ್ದರು.
"ಸಪ್ಪಳ ಇಲ್ಲೇನ್ರಿ ಇದರಾಗ?"
ಇಲ್ಲ.
"ಮತ್ತ ಹೆಂಗ ತಿಳೀತೈತಿ ನಿಮಗ?"

ಆಮೇಲೆ ಅವರೇ ವಿಂಗಡಿಸಿದರು, ಅಕ್ಕಿ ಆರಿಸಿದ ಹಾಗೆ.
"ಇದು ಮೂರನೇ ದಿನ. ಜರಡಿ ಹಿಡಿದ ಕೈ ನೋಡ್ರಿ,
ನನ್ನದಲ್ಲ, ಸೊಸಿದು.
ಇದು ಮೊದಲನೇದು. ಉಪ್ಪು ಕಮ್ಮಿ, ಮರಳು ಕಾದಿಲ್ಲ."

ಷರಾ ಎಂಬ ಖಾನೆಯಲ್ಲಿ ಅವರ ಮಾತು ಹಾಗೇ ಟೈಪಿಸಿ,
ಉಳಿಸಿ, ಮತ್ತೆ ತೆರೆದೆ:

ಉಪ್ಪು ಕಮ್ಮಿ, ಮರಳು ಕಾದಿಲ್

ಅರವತ್ತನಾಲ್ಕು ಬೈಟಿನ ಖಾನೆ.
ಇಂಗ್ಲಿಷಿನವರಿಗೆ ಅಕ್ಷರಕ್ಕೊಂದು, ನಮಗೆ ಮೂರು ಮೂರು;
ಕೊಂಬಿಗೆ ಬೇರೆ ಬಾಡಿಗೆ, ಗುಡಿಸಿಗೆ ಬೇರೆ,
ಕಣ್ಣಿಗೇ ಬೀಳದ ಅರ್ಧಕ್ಕೂ ಬೇರೆ.
ಕೊನೆಯ ಲಕಾರ ಒತ್ತಿಗೆಂದು ಕಾಲು ಚಾಚಿದಾಗ
ಜಾಗ ಮುಗಿದಿತ್ತು.
ಕಾದಿತ್ತೋ ಇಲ್ಲವೋ
ಈ ಫೈಲನ್ನು ಕೇಳಿದರೆ ಇನ್ನು ಗೊತ್ತಾಗುವುದಿಲ್ಲ.

ಪ್ರೋಗ್ರಾಂ ತಿದ್ದಿದೆ.
ಪ್ರತಿ ವಿಡಿಯೋದ ಪಕ್ಕ ಅದೇ ಹೆಸರಿನ
ಬರಿ ಅಕ್ಷರದ ಇನ್ನೊಂದು ಫೈಲು ಕೂರಿಸಿದೆ,
ಎಷ್ಟುದ್ದ ಬೇಕಾದರೂ ಮಾತಾಡಲಿ ಎಂದು.
ಉಪ್ಪು: ಯಾರು ಹೇಳಿದ್ದು. ಕೈ: ಯಾರದು.
ಇಸವಿ ಸರಿ ಮಾಡಿದೆ,
ಐದೂವರೆಗೆ ಮಾತ್ರ ಕೈ ಹಚ್ಚಲಿಲ್ಲ.

ಕೊಟ್ರೇಶ ನಿನ್ನೆ ಫೋನು ಮಾಡಿದ್ದ.
"ಸಪ್ಪಳ ಅಂತ ಒಂದು ಕಾಲಂ ಇದೆಯಲ್ಲ ಮೇಡಂ,
ಈ ಕ್ಯಾಮೆರಾಕ್ಕೆ ಮೈಕೇ ಇಲ್ಲ?"
ನಾನಾಗ ನೂರ ಅರವತ್ತೇಳನೆಯದರಲ್ಲಿದ್ದೆ,
ಜೈತುನ್‌ಬಿ ಹೇಳಿದ್ದನ್ನು ಒತ್ತು ಬಿಡದೆ ಇಳಿಸುತ್ತ:
ಗೋಣಿಚೀಲದ ಮ್ಯಾಲೆ
ಹುಣಸಿಬೀಜ ಸುರುವಿದಂಗ,
ಮದ್ಲು ದೂರದಾಗ,
ಆಮ್ಯಾಲೆ ಒಮ್ಮಿಗ್ಲೇ.