ಮೂಲೆಮಟ್ಟ

ಇಲಾಖೆಯಿಂದ ಬಂದ ಫಾರ್ಮಿನಲ್ಲಿ ಹದಿನೇಳನೇ ಪ್ರಶ್ನೆ:
ವಿದ್ಯಾರ್ಥಿಯು ಭವಿಷ್ಯಕ್ಕೆ ಸಿದ್ಧನೇ? ಹೌದು. ಇಲ್ಲ.
ಗಂಡೇ ಎಂದು ಅವರೇ ತೀರ್ಮಾನಿಸಿದ್ದಾರೆ.
ಎರಡೇ ಚೌಕ, ನಡುವೆ ಜಾಗವಿಲ್ಲ.
ಕದ್ರಿ ಗುಡ್ಡದ ಈ ವರ್ಕ್‌ಶಾಪಿನಲ್ಲಿ
ಇಪ್ಪತ್ತೊಂಬತ್ತು ವರ್ಷ ಕಬ್ಬಿಣದ ಚೌಕ ತಿದ್ದಿದವನು ನಾನು,
ಕಾಗದದ ಚೌಕದೆದುರು ಪೆನ್ನು ಹಿಡಿದು ಕೂತಿದ್ದೇನೆ.

ಮೊದಲ ಆರು ವಾರ ನಾನು ಕೊಡುವುದು ಅರ ಒಂದೇ.
ಉಜ್ಜು. ಮೂಲೆಮಟ್ಟ ಇಟ್ಟು ಕಿಟಕಿಗೆ ಹಿಡಿ.
ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು.
ಹುಡುಗರು ಮೊಬೈಲು ಚಾಚುತ್ತಾರೆ: ಇಲ್ಲಿ ನೋಡಿ ಸರ್,
ಜರ್ಮನಿಯ ಮೆಷಿನು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಯ್ತು,
ನಾವು ಎಂತಕ್ಕೆ ಕೈಗೆ ಬೊಕ್ಕೆ ಬರಿಸಿಕೊಳ್ಳುವುದು?
ನನ್ನಲ್ಲಿ ಉತ್ತರ ಇರಲಿಲ್ಲ. ನನಗೆ ಕಲಿಸಿದವರು
ಹಂಚಿನ ಕಾರ್ಖಾನೆಯ ಫಿಟ್ಟರು, ಐತಪ್ಪಣ್ಣ.
ಆ ಕಾರ್ಖಾನೆ ಇದ್ದಲ್ಲಿ ಈಗ ಫ್ಲ್ಯಾಟು,
ಚಿಮಣಿಯನ್ನು ಮಾತ್ರ ಬಿಟ್ಟಿದ್ದಾರೆ, ಚಂದಕ್ಕೆ.

ನೌಶೀರಾ ಬರುವುದು ಫರಂಗಿಪೇಟೆಯಿಂದ, ಎರಡು ಬಸ್ಸು.
ಫಿಟ್ಟರ್ ಟ್ರೇಡಿನಲ್ಲಿ ಹೆಣ್ಣು ಒಬ್ಬಳೇ.
ತುಂಡನ್ನು ಮೊದಲು ಹೆಬ್ಬೆರಳಲ್ಲಿ ತಡವುತ್ತಾಳೆ, ಕಣ್ಣು ಆಮೇಲೆ.
ಎಲ್ಲಿ ಕಲಿತೆ? ಉಮ್ಮ ಬೀಡಿ ಕಟ್ಟುತ್ತಾರೆ ಸರ್,
ಒಂದು ನೂಲಿನಷ್ಟು ದಪ್ಪ ಆದರೂ ಬ್ರಾಂಚಿನವ ಬಿಸಾಡುತ್ತಾನೆ.
ಸಣ್ಣದಿರುವಾಗ ದಾರ ಸುತ್ತುತ್ತಿದ್ದದ್ದು ನಾನು.

ಕಳೆದ ಮಾರ್ಚಿನಲ್ಲಿ ಹೊಸ ಮೆಷಿನು ಬಂತು.
ಇಳಿಸಲು ಕ್ರೇನು, ಉದ್ಘಾಟನೆಗೆ ರಿಬ್ಬನ್ನು,
ಆಮೇಲೆ ಮಳೆಗಾಲವಿಡೀ ಪ್ಲಾಸ್ಟಿಕ್ಕಿನೊಳಗೆ
ಮದುಮಗನ ಹಾಗೆ ಕೂತಿತ್ತು, ತ್ರೀಫೇಸ್ ಇಲ್ಲದೆ.
ಕೊನೆಗೆ ಕಂಪನಿಯ ಹುಡುಗ ಬಂದ, ನನ್ನನ್ನು ಅಂಕಲ್ ಎಂದ,
ಗುಂಡಿ ಒತ್ತಿದ. ಹಾಲಿನಂಥ ಎಣ್ಣೆನೀರು ಚಿಮ್ಮಿತು.
ಮೂರು ನಿಮಿಷ.
ನನ್ನ ಆರು ವಾರ.
ಪರದೆಯಲ್ಲಿ ಹಸಿರು: ಇಪ್ಪತ್ತೈದು ದಶಾಂಶ ಸೊನ್ನೆ ಸೊನ್ನೆ.
ಚಪ್ಪಾಳೆ. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ.

ನೌಶೀರಾ ತುಂಡನ್ನು ಎತ್ತಿಕೊಂಡು
ಯಾರೂ ಹೇಳದೆ ಕಿಟಕಿಗೆ ಹೋದಳು.
ಮೂಲೆಮಟ್ಟ ಇಟ್ಟಳು. ಒಂದು ಕಣ್ಣು ಮುಚ್ಚಿದಳು.
"ಸರ್, ಬೆಳಕು ಉಂಟು."

ಪರದೆ ಸರಿ ಇದೆಯಲ್ಲ, ಎಂದ ಹುಡುಗ.
ಇನ್ನೊಂದು ತುಂಡು ಹಾಕಿ ಒತ್ತಿದ.
ಪರದೆ ಸರಿಯೇ ಇತ್ತು. ಬೆಳಕೂ ಇತ್ತು.
ಅವಳು ವೈಸು ಬಿಚ್ಚಿಸಿದಳು, ಅಡಿಗೆ ಬೆರಳು ತೂರಿಸಿದಳು,
ತೆಗೆದದ್ದು ಉಗುರಿನ ಚೂರಿನಷ್ಟು, ಸುರುಳಿ ಸುತ್ತಿದ ಕಬ್ಬಿಣ.
ಅಷ್ಟು ದುಡ್ಡಿನ ಮೆಷಿನಿಗೆ
ತನ್ನ ಅಡಿಯ ಕಸ ಗೊತ್ತಿರಲಿಲ್ಲ.

ಗೆದ್ದೆವು ಅಂತ ಹಿಗ್ಗಬೇಡಿ. ನಾನು ಹಿಗ್ಗಿದ್ದೆ, ಒಂದು ದಿವಸ.
ಮರುವಾರ ಅವಳೇ ಮೆಷಿನಿಗೆ ಬರೆಯತೊಡಗಿದಳು
ಜಿ ಸೊನ್ನೆ ಒಂದು, ಎಕ್ಸು, ವೈ,
ನನಗೆ ತಲೆಬುಡ ತಿಳಿಯದ ಸಾಲುಗಳು.
ಹುಡುಗರು ಊಟಕ್ಕೆ ಹೋದ ಮೇಲೆ ಕೇಳಿದೆ,
ನನಗೂ ಸ್ವಲ್ಪ ಹೇಳಿಕೊಡು ಮಾರಾಯ್ತಿ.
ಮೊದಲ ದಿನ ಟೂಲು ಮುರಿದೆ. ಎರಡನೇ ದಿನವೂ.
"ಪರವಾಗಿಲ್ಲ, ಮತ್ತೆ ಉಜ್ಜು" ಎಂದಳು
ನನ್ನದೇ ದನಿಯಲ್ಲಿ, ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಪ್ರಶ್ನೆ ಹದಿನೇಳು ಹಾಗೇ ಇದೆ.
ಭವಿಷ್ಯವನ್ನು ಯಾರಾದರೂ ತಂದು ವೈಸಿಗೆ ಕಟ್ಟಿಕೊಟ್ಟರೆ
ತಡವಿ ನೋಡಿ ಹೇಳಬಹುದಿತ್ತು.
ಬೈಕಂಪಾಡಿಯ ಕಂಪನಿ ಅವಳನ್ನು ಕರೆದಿದೆ, ಆರು ತಿಂಗಳಿಗೆ,
ಆಮೇಲೆ ಅಲ್ಲಿಗೂ ರೋಬೋಟು ಬರುತ್ತದಂತೆ.
ಬರಲಿ ಸರ್, ಅದರ ಅಡಿ ಒರೆಸಲು ಜನ ಬೇಕಲ್ಲ,
ನಗುತ್ತಾಳೆ. ನನಗೆ ಅಷ್ಟು ನಗು ಬರುವುದಿಲ್ಲ.

ನಾಲ್ಕೂವರೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಉಂಟು.
ಅವಳು ಇನ್ನೊಂದು ತುಂಡು ಹಾಕಿದ್ದಾಳೆ, ಪರೀಕ್ಷೆಗಲ್ಲ.
ಅರದ ಸದ್ದು ಕೇಳುತ್ತಾ ನಾನು
ಫಾರ್ಮಿನ ಆ ಎರಡು ಚೌಕಗಳಿಗೆ
ಮೂಲೆಮಟ್ಟ ಇಟ್ಟು ನೋಡಿದೆ.
ಮುದ್ರಣವೇ ಸೊಟ್ಟ.