ತಿದ್ದುಪಡಿ: ಪುಟ ನಲವತ್ತೇಳು

ನವನಗರ, ಮಾರ್ಚ್ ತಿಂಗಳ ಮಧ್ಯಾಹ್ನ.
ಫ್ಯಾನಿಗೆ ಹಾರುವ ಫಾರ್ಮಿನ ಮೇಲೆ
ಸ್ಟೇಪ್ಲರ್ ಹೇರಿ ಕೂತಿದ್ದೇನೆ.
ನಮ್ಮ ಸಂವಹನ ತ್ರೈಮಾಸಿಕದ ತೂಕವೆಷ್ಟು?
ವಿಶ್ವವಿದ್ಯಾಲಯ ಕೇಳಿದೆ, ನಾಡಿದ್ದರೊಳಗೆ.

ಲೆಕ್ಕ ಸರಳ. ಕಳೆದೆರಡು ವರ್ಷದ ಲೇಖನಗಳನ್ನು
ಈ ವರ್ಷ ಎಷ್ಟು ಸಲ ನೆನೆದರು ಮಂದಿ,
ಅದನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸು.
ಭಾಗಿಸಿದೆ. ಸೊನ್ನೆ, ಚುಕ್ಕೆ, ಒಂದು, ಎರಡು.
ಕ್ಯಾಲ್ಕುಲೇಟರಿನ ಮೇಲೆ ಸಂಶಯ ಬಂದು
ಕೈಯಲ್ಲೇ ಇನ್ನೊಮ್ಮೆ.

ಹಳೆಯ ಸಂಚಿಕೆಗೂ ಒಂದು ಕಲಂ ಇದೆ.
ರತ್ನಾ ಹೂಗಾರರ ಲೇಖನ ತೆಗೆದೆ:
ಮುಳುಗಡೆಯ ಸುದ್ದಿ ಮನೆಗೆ ಬಂದ ಬಗೆ.
ಅರವತ್ತೆರಡು ಜನರ ಮಾತು, ಎಂಟು ಕೋಷ್ಟಕ,
ಹದಿನಾರು ವರ್ಷಕ್ಕೆ ನಾಲ್ಕು ಉಲ್ಲೇಖ.
ಎರಡು ಅವರವೇ. ಒಂದು ಅವರ ಮಾರ್ಗದರ್ಶಕರದ್ದು.
ನಾಲ್ಕನೆಯದರಲ್ಲಿ ಹೂಗಾರ ಹೋಗಿ ಹಗಾರ,
ಬಾಗಲಕೋಟೆ ಹೋಗಿ ಬಾಗೇಪಲ್ಲಿ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು.
ಮೆಹಬೂಬಿ ಬಾಗವಾನ, ಎಪ್ಪತ್ತು ದಾಟಿರಬೇಕು.
ಬಾಳೆಹಣ್ಣಿನ ವಾಸನೆಯ ಚೀಲದಿಂದ ತೆಗೆದಳು
ಪುಟ ನಲವತ್ತೇಳರ ಝೆರಾಕ್ಸು,
ಮಡಿಕೆಯಲ್ಲಿ ಹಳೇ ಸೀರೆಯಂತೆ ಮೆತ್ತಗಾದದ್ದು.

“ಹನ್ನೊಂದು ವರ್ಷ ಇದು ವಕೀಲರ ಫೈಲಿನ್ಯಾಗ ಇತ್ತರೀ.
ಕೇಸ್ ಹೋತು, ಹಾಳಿ ವಾಪಸ್ ಬಂತು.
ಮೊನ್ನೆ ಮೊಮ್ಮಗಳು ಓದಿ ಹೇಳಿದ್ಲು,
ನಮ್ಮ ಓಣ್ಯಾಗ ಡಂಗುರ ಹೊಡದದ್ದು ಮಂಗಳಾರಂತ.
ಮಂಗಳಾರ ಅಲ್ರೀ, ಶುಕ್ರಾರ.
ನಮ್ಮವ್ರು ನಮಾಜಿಗೆ ಹೋಗಿದ್ರು,
ಮನ್ಯಾಗ ನಾ ಒಬ್ಬಾಕಿನ ಇದ್ದೆ, ನಾನ ಕೇಳಿದ್ದು.
ಆ ಬಾಯಾರಿಗೂ ಹಂಗ ಹೇಳಿದ್ದೆ.
ಕೇಸ್ ಹೋದ್ರ ಹೋಗ್ಲಿ. ವಾರಾ ಆದ್ರೂ ಖರೇ ಇರಬೇಕಲ್ರೀ?”

ಬೀರುವಿನ ಕೆಳಗಿನ ಖಾನೆಯಲ್ಲಿ
ಸುತಳಿ ಕಟ್ಟಿದ ಪ್ರಶ್ನಾವಳಿಗಳ ಗಂಟು.
ಮೂವತ್ತೊಂದನೆಯದು ಆಕೆಯದು.
ಪೆನ್ಸಿಲಿನಲ್ಲಿ, ಸ್ಪಷ್ಟವಾಗಿ: ಶುಕ್ರ.
ಆಗ ಇಲ್ಲಿ ಟೈಪ್ ಮಾಡುತ್ತಿದ್ದವನು ನಾನೇ.

ಹೇಳಿದೆ. ಬೈಯಲಿಲ್ಲ. ನೀರು ಕುಡಿದಳು.
ಫಾರ್ಮಿನ ಅಂಕಿ ನೋಡಿ,
“ಇದೇನ್ರೀ, ಹೊಳಿ ನೀರಿನ ಮಟ್ಟಾ?”
ಒಂಥರಾ ಹಂಗ ಅನ್ರಿ, ಅಂದೆ.
“ನಮ್ಮ ಗ್ವಾಡಿಗೂ ಬರದಿದ್ರು ಕೆಂಪು ಬಣ್ಣದಾಗ,
ಐನೂರಾ ಇಪ್ಪತ್ತಮೂರು.
ನೀರು ಅಲ್ಲೀತನಾ ಬರಲೇ ಇಲ್ಲ.
ಮನಿ ಮಾತ್ರ ಹೋತು.”

ಉಲ್ಲೇಖಕ್ಕೆ ಕಲಂ ಇದೆ, ಡೌನ್‌ಲೋಡಿಗೆ ಇದೆ,
ಸೂಚ್ಯಂಕಗಳಿಗೆ ಅರ್ಧ ಪುಟವೇ ಇದೆ.
ಓದಿಸಿಕೊಂಡು ಜಗಳಕ್ಕೆ ಬಂದವರಿಗೆ ಇಲ್ಲ.
“ಇತರೆ” ಎಂಬಲ್ಲಿ ಪೆನ್ನು ಇಟ್ಟೆ,
ಒಂದು ಚುಕ್ಕೆಯಾಯಿತು. ತೆಗೆದೆ.

ಸಂಜೆ, ಬರುವ ಸಂಚಿಕೆಯ ಕೊನೆಯ ಪುಟಕ್ಕೆ
ಎರಡೇ ಸಾಲು ಜೋಡಿಸಿದೆ, ಅಕ್ಷರ ಕೂಡಿಸಿ ಓದಿ,
ಮೂರು ಸಲ ತಾಳೆ ನೋಡಿ:
ಪುಟ ನಲವತ್ತೇಳು, ಮೇಲಿನಿಂದ ಹನ್ನೆರಡನೆಯ ಸಾಲು.
ಮಂಗಳವಾರ ಎಂದಿರುವಲ್ಲಿ ಶುಕ್ರವಾರ ಎಂದು ಓದಿಕೊಳ್ಳಿ.